ಆನೆಗೆ ಹನ್ನೊಂದು ಚಪ್ಪಲಿ

ಆನೆಗೆ ಹನ್ನೊಂದು ಬೇಕು.
ಆಮೆಗೆ ನಾಲ್ಕು ಸಾಕು, ಏಡಿಗೆ ಒಂದೂವರೆ.
ಜಿರಾಫೆಯ ಲೆಕ್ಕ ಮಾತ್ರ ಯಾವ ಶನಿವಾರವೂ ತಾಳೆಯಾಗಿಲ್ಲ:
ಕತ್ತು ಬೆಳೆಯುತ್ತಲೇ ಹೋಗಿ ಅಂಟು ಮುಗಿಯುತ್ತದೆ.

ಲಾಮು ದ್ವೀಪದ ದಂಡೆಗೆ, ಇಳಿತದ ಹೊತ್ತಿಗೆ,
ಗೋಣಿಚೀಲ ಹಿಡಿದು ಹೊರಡುತ್ತದೆ ಟೀಮಾ ಟೀಚರ ದಂಡು.
ಸಮುದ್ರ ರಾತ್ರಿಯಿಡೀ ಹವಾಯಿ ಚಪ್ಪಲಿ ತಂದು ಸುರಿದಿದೆ.
ನೀಲಿ, ಕೆಂಪು, ಬಿಸಿಲಿಗೆ ಬಿಳಚಿದ ಗುಲಾಬಿ,
ಹಿಮ್ಮಡಿ ಸವೆದದ್ದು, ಉಂಗುಷ್ಟ ಕಿತ್ತದ್ದು,
ಮೀನು ಕಚ್ಚಿ ನೋಡಿ ಬೇಡವೆಂದು ಬಿಟ್ಟದ್ದು.
ಯಾವುದಕ್ಕೂ ಜೋಡಿಯಿಲ್ಲ.
ಎಷ್ಟು ದೇಶದ ಎಡಗಾಲು, ಎಷ್ಟು ದೇಶದ ಬಲಗಾಲು
ಬರಿದಾಗಿ ಮನೆಗೆ ಹೋದವೋ!

ದೋಣಿ ಕಟ್ಟುವ ಚಪ್ಪರದ ಹಿಂದೆ ತೊಳೆದು ಹರವುತ್ತಾರೆ.
ಕತ್ತರಿಗೆ ಮೊದಲು ಇದ್ದಿಲು;
ಹವಳಗಲ್ಲಿನ ಗೋಡೆಯ ತುಂಬ ಚಿತ್ರ.
"ಕಣ್ಣಿನಿಂದ ಶುರು ಮಾಡಬೇಡಿ," ಟೀಮಾ ಹೇಳುತ್ತಾಳೆ,
"ಕಣ್ಣು ಬಂತೆಂದರೆ ಪ್ರಾಣಿ ನಿಮ್ಮನ್ನೇ ನೋಡತೊಡಗುತ್ತದೆ,
ಆಮೇಲೆ ಕೈ ನಾಚಿಕೊಳ್ಳುತ್ತದೆ.
ಬೆನ್ನಿನಿಂದ ಶುರು ಮಾಡಿ.
ಬೆನ್ನು ಯಾರನ್ನೂ ನೋಡುವುದಿಲ್ಲ."

ಬಂದವರು ಸಿಂಹ ಕೇಳುತ್ತಾರೆ.
ಕ್ಯಾಮೆರಾ ತೂಗಿಕೊಂಡು ದೂರದಿಂದ ಬಂದವರಿಗೆ
ಈ ಖಂಡದ ಮಕ್ಕಳೆಲ್ಲ ಸಿಂಹದ ಪಕ್ಕದ ಮನೆಯವರು.
ಮ್ವಾನಾಹಿದಿ ಸಿಂಹ ಕಂಡದ್ದು ಬೆಂಕಿಪೊಟ್ಟಣದ ಮೇಲೆ,
ಹೆಬ್ಬೆರಳ ಉಗುರಿನಷ್ಟು.
ಅವಳು ಓಣಿಯ ಕುಂಟ ಬೆಕ್ಕನ್ನೇ ಬರೆದು
ಕಿತ್ತಳೆ ಚಪ್ಪಲಿಯ ಚೂರುಗಳಿಂದ ಕೇಸರ ಕಟ್ಟಿದಳು.
ಮೀನಿನ ತಲೆ ಸಿಗದ ದಿನದ ಮುಖ ಅದು.
ಆರುನೂರು ಶಿಲ್ಲಿಂಗಿಗೆ ಹೋಯಿತು.

ಇಲ್ಲಿ ಕತ್ತೆಗೆ ಪುಂಡ ಅನ್ನುತ್ತಾರೆ.
ನಮ್ಮ ಕಿವಿಗೆ ಅದು ಹೆಸರಲ್ಲ, ದೂರು.
ಕಸ್ತೂರಿಯ ಪರಿಮಳ ಗೊತ್ತೋ ಇಲ್ಲವೋ,
ಸಿಮೆಂಟಿನ ಮೂಟೆ, ತೆಂಗಿನಕಾಯಿ, ಮದುವೆಮನೆಯ ಪಾತ್ರೆ
ಯಾವುದು ಎಷ್ಟು ಭಾರವೆಂದು ಬೆನ್ನಿಗೆ ಗೊತ್ತು.
ಅದಕ್ಕೇ ಪಟ್ಟೆ ಬಳಿದರೆ ಪುಂಡ ಮಿಲಿಯಾ, ಅಂದರೆ ಜೀಬ್ರಾ.
ಒಂದೇ ಅಚ್ಚು, ಎರಡು ಪ್ರಾಣಿ.

ಕೊಂಬೊ ಮಾತ್ರ ಪಟ್ಟೆಗೆ ಒಪ್ಪುವುದಿಲ್ಲ.
ಅವನ ಅಪ್ಪನ ಕತ್ತೆಗೆ ಗರ್ಭ.
ನಾಲ್ಕು ಶನಿವಾರದಿಂದ ಅದನ್ನೇ ಮಾಡುತ್ತಿದ್ದಾನೆ,
ಹೊಟ್ಟೆ ವಾರಕ್ಕೊಂದು ಚಪ್ಪಲಿಯಷ್ಟು ಹಿಗ್ಗುತ್ತದೆ.

ಮೊನ್ನೆ ಗೋಣಿ ಸುರಿದಾಗ
ಒಂದನ್ನು ಎತ್ತಿಕೊಂಡು ಸುಮ್ಮನೆ ಕೂತುಬಿಟ್ಟ.
ಹಸಿರು. ಪುಟ್ಟದು.
ಹಿಮ್ಮಡಿಯ ಹತ್ತಿರ ಕಾದ ಮೊಳೆಯಿಂದ ಸುಟ್ಟ ಮೂರು ಚುಕ್ಕೆ:
ಮೂರನೆಯವನದು ಎಂದು ಅಣ್ಣ ಹಾಕಿದ ಗುರುತು.
ಎರಡು ವರ್ಷದ ಹಿಂದೆ ಕಟ್ಟೆಯಿಂದ ನೀರಿಗೆ ಬಿದ್ದದ್ದು,
ಮನೆಯಲ್ಲಿ ಏಟು ತಿನ್ನಿಸಿದ್ದು.
ಎಲ್ಲೆಲ್ಲಿ ಸುತ್ತಿ ಬಂತೋ.
ಕಾಲಿಟ್ಟು ನೋಡಿದ. ಹಿಮ್ಮಡಿ ಪೂರ್ತಿ ಮರಳ ಮೇಲೆ.

"ಆನೆಗೆ ಹತ್ತಾಗಿದೆ, ಕಿವಿಯೊಂದು ಬಾಕಿ,
ಇದನ್ನ ಕೊಡು," ಅಂದ ಅಥ್ಮಾನ್, ಕತ್ತರಿ ಆಡಿಸುತ್ತ.
ಕೊಡಲಿಲ್ಲ.
ಉಂಗುಷ್ಟದ ಬಳಿ ಹರಿದ ಬಾರು
ಎರಡು ಕವಲಾಗಿ ಸೆಟೆದು ನಿಂತಿತ್ತು.
ಯಾರ ಕಣ್ಣಿಗೂ ಅದು ಹರಿದ ಬಾರು.
ಕೊಂಬೊ ಅದರ ಎರಡೂ ಕಿವಿಯ ಮರಳು ಕೊಡವಿದ.

ಬಾಲ್‌ಪೆನ್ನು ತೆಗೆದು ಕಣ್ಣಿಟ್ಟ,
ಟೀಚರ ಮಾತು ಮೀರಿ, ಕಣ್ಣಿನಿಂದಲೇ.
ಒಂದನ್ನು ತೆರೆದಂತೆ ಬರೆದ.
ಇನ್ನೊಂದು ಬರೀ ಗೆರೆ, ಮುಚ್ಚಿದ್ದು.
ಇನ್ನೂ ಹುಟ್ಟಿಲ್ಲವಲ್ಲ.
ಆಮೇಲೆ, ಕತ್ತರಿ ತಾಗಿಸದೆ, ಅಂಟು ಸವರದೆ,
ತಾಯಿಯ ಹೊಟ್ಟೆಯ ಅಡಿಗೆ ಒರಗಿಸಿಟ್ಟ.

ಕ್ಯಾಮೆರಾದವರು ಬಂದು ಬೆಲೆ ಕೇಳಿದರು.
ಟೀಮಾ ಒಂದು ಗಳಿಗೆ ಯೋಚಿಸಿ
ಜಿರಾಫೆ ತೋರಿಸಿದಳು.

ಆನೆ ಹತ್ತೇ ಚಪ್ಪಲಿಯಲ್ಲಿ ನಿಂತಿದೆ,
ಒಂದು ಕಿವಿ ಕಡಿಮೆ.
ನಾಳೆ ಇಳಿತ ಐದೂಕಾಲಿಗೆ.