ಲಕ್ಷ

ಬೆಳಿಗ್ಗೆ ಆರಕ್ಕೆ ಶೆಡ್ಡಿನ ಬಾಗಿಲೆತ್ತಿದರೆ
ಮೊದಲು ನೆಲ ನೋಡುತ್ತೇನೆ, ಆಮೇಲೆ ಕಾರು.
ಕೆಳಗೆ ಹಾಸಿದ ರಟ್ಟಿನ ಮೇಲೆ ರಾತ್ರಿಯ ಎಣ್ಣೆ
ಮೂರು ಹನಿ, ಗೇರ್‌ಬಾಕ್ಸಿನಡಿ ಇನ್ನೊಂದು.
ನಾಲ್ಕಿದ್ದರೆ ಕ್ಷೇಮ.
ಒಂದೂ ಇಲ್ಲದಿದ್ದರೆ ಗಾಬರಿ:
ಒಳಗೆ ಎಣ್ಣೆಯೇ ತೀರಿತೇನೋ ಎಂದು.

ಅರವತ್ತೊಂಬತ್ತರ ಎಂಜಿಬಿ. ಎಳೆ ಹೀರೇಕಾಯಿ ಬಣ್ಣ.
ಹೋಬಾರ್ಟಿನ ಆಚೆ, ಗ್ಲೆನಾರ್ಕಿಯಲ್ಲಿ
ಹಡಗಿನ ಅಡುಗೆಯವನು ರೆಕ್ಸ್ ಟಿಲ್ಯಾರ್ಡ್
ಬೀಗದ ಕೈ ಕೊಟ್ಟಾಗ ನನಗೆ ಮೂವತ್ತೊಂದು,
ಹೈಸ್ಕೂಲಿಗೆ ಹೊಸದಾಗಿ ಬಂದ ಗಣಿತದ ಟೀಚರು.
ಅವನು ಹೇಳಿದ್ದು ಒಂದೇ ಮಾತು:
ಎರಡನೇ ಗೇರಿಗೆ ಅವಸರ ಮಾಡಬೇಡ.
ಮೂವತ್ನಾಲ್ಕು ವರ್ಷವಾಯಿತು. ಮಾಡಿಲ್ಲ.

ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ
ಎನ್ನುತ್ತಾನೆ ವಾಮನ, ಬಿಲ್ಲುಗಳ ಡಬ್ಬಿ ನೋಡಿ.
ಅಲ್ಲವೆನ್ನಲಾರೆ.
ನೀರಿನ ಪಂಪು ಎರಡು, ಕ್ಲಚ್ಚು ಮೂರು, ಬಟ್ಟೆಯ ಟಾಪು ನಾಲ್ಕು,
ಬಾಗಿಲಡಿಯ ತುಕ್ಕು ಎಣಿಸುವುದನ್ನು ಬಿಟ್ಟೆ.
ಹೀಟರು ಬೇಸಿಗೆಯಲ್ಲಿ ಮಾತ್ರ ಕೆಲಸ ಮಾಡುತ್ತದೆ.
ಮಳೆ ಬಂದದ್ದು ಬಲ ಮೊಣಕಾಲಿಗೆ ಮೊದಲು ತಿಳಿಯುತ್ತದೆ,
ಎಡದ್ದಕ್ಕೆ ಸ್ವಲ್ಪ ತಡವಾಗಿ.
ಅವನ ಕಾರು, ಬೆಳ್ಳಗಿನದು, ತಾನೇ ಬ್ರೇಕು ಹಾಕಿಕೊಳ್ಳುತ್ತದೆ,
ತಾನೇ ನಿಲ್ಲುತ್ತದೆ, ಹೆಣ್ಣು ದನಿಯಲ್ಲಿ ದಾರಿ ಹೇಳುತ್ತದೆ.
ನನ್ನದು ಕೆಮ್ಮಿ ಹೇಳುತ್ತದೆ.

ಆದರೂ ಬೆಟ್ಟದ ರಸ್ತೆ, ಫರ್ನ್ ಟ್ರೀ ದಾಟಿದ ಮೇಲೆ,
ಮೂರರಿಂದ ಎರಡಕ್ಕಿಳಿಸಿ, ಅವಸರವಿಲ್ಲದೆ,
ತಿರುವಿನೊಳಗೆ ಮೂತಿ ತೂರಿಸಿ
ಬಾಲವನ್ನೊಂದು ಬೆರಳಷ್ಟು ಬೀಸಿ ಅದು ಹೊರಬರುವಾಗ
ಅರವತ್ತೈದರ ಸೊಂಟ ನನ್ನದೆಂಬುದು ಮರೆತೇ ಹೋಗುತ್ತದೆ.
ಇಳಿಯುವಾಗ ನೆನಪಾಗುತ್ತದೆ.

ಕೆಮ್ಮು ಕೇಳುವುದನ್ನು ಕಲಿಸಿದ್ದು ಮೂನಾದ ಮೆಕ್ಯಾನಿಕ್ ಓರ್ಮಂಡ್.
ಕಾರ್ಬುರೇಟರು ಎರಡು. ರಬ್ಬರು ಕೊಳವೆಯ ಒಂದು ತುದಿ ಕಿವಿಗೆ,
ಇನ್ನೊಂದು ಇದರ ಬಾಯಿಗೆ, ಆಮೇಲೆ ಅದರ ಬಾಯಿಗೆ.
ಎರಡರ ಉಸಿರೂ ಒಂದಾಗುವ ತನಕ
ಸ್ಕ್ರೂ ಒಂದಿಷ್ಟು, ಕೂದಲೆಳೆಯಷ್ಟು.
ಶ್ರುತಿ, ಎಂದೆ ನಾನು. ಅವನಿಗೆ ಪದ ಹಿಡಿಸಿತು.
ಶ್ರೂಟಿ, ಶ್ರೂಟಿ ಎನ್ನುತ್ತ ಊರಿನ ಹಳೇ ಕಾರಿಗೆಲ್ಲ
ಶ್ರುತಿ ಮಾಡಿದ.
ಈಗ ಅವನ ಬೆರಳು ಮಡಿಚುವುದಿಲ್ಲ.
ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂರುತ್ತಾನೆ, ನಾನು ತಿರುಗಿಸುತ್ತೇನೆ:
ಹೂಂ. ಇನ್ನೂ. ಹೂಂ. ಸಾಕು. ಸಾಕೆಂದೆನಲ್ಲ.

ಹೋದ ಮಾರ್ಚಿನಲ್ಲಿ ವಾಮನನ ಬೆಳ್ಳಗಿನದು
ಯಾವುದೋ ಅಪ್‌ಡೇಟಿಗೆ ಕಾದು ಮಲಗಿತ್ತು.
ಹಾಗಾಗಿ ಅವನೂ ಬಂದ, ಕಾಲು ಮಡಿಸಿಕೊಂಡು, ತೊಡೆಯ ಮೇಲೆ ಫ್ಲಾಸ್ಕು.
ಹ್ಯೂಆನ್‌ವಿಲ್ ದಾಟಿದರೆ ಎಡಕ್ಕೆ ನದಿ, ಬಲಕ್ಕೆ ಸೇಬಿನ ಸಾಲು,
ಮುಂದೆ ಕೊಯ್ಲಿನ ಟ್ರ್ಯಾಕ್ಟರು, ನಡಿಗೆಯ ವೇಗ.
ಮೀಟರಿನಲ್ಲಿ ಒಂಬತ್ತು ಒಂಬತ್ತು ಒಂಬತ್ತು ಒಂಬತ್ತು ಒಂಬತ್ತು.
ನಿಧಾನ, ಎಂದ ವಾಮನ. ನಿಧಾನ ಕಣೇ. ಬಂತು. ಬಂತು ನೋಡು!
ಐದೂ ಅಂಕಿ ಒಟ್ಟಿಗೆ, ಒಲ್ಲದ ಮನಸ್ಸಿನಿಂದ, ಹೊರಳಿದವು.
ಸೊನ್ನೆ. ಎಲ್ಲ ಸೊನ್ನೆ.
ರಸ್ತೆ ಬದಿಗೆ ನಿಲ್ಲಿಸಿ ಚಹಾ ಕುಡಿದೆವು,
ಫ್ಲಾಸ್ಕಿಗೆ ಮುಚ್ಚಳ ಒಂದೇ, ಸರದಿಯ ಮೇಲೆ.

ಇಲ್ಲಿಯವರಿಗೆ ಅದು ನೂರು ಸಾವಿರ ಮೈಲಿ.
ನಮ್ಮಲ್ಲಿ ಅದಕ್ಕೆ ಸ್ವಂತ ಹೆಸರಿದೆ: ಲಕ್ಷ.
ಹಾಲುಕ್ಕಿಸಿದಾಗ, ಬಟ್ಟೆಗೆ ಶಾಯಿ ಚೆಲ್ಲಿಕೊಂಡಾಗ,
ಲಕ್ಷ ಎಲ್ಲಿತ್ತೇ ನಿಂಗೆ ಎಂದು ಅಮ್ಮ
ಗದರುತ್ತಿದ್ದ ಪದವೂ ಅದೇ.
ಇಲ್ಲೇ ಇತ್ತಮ್ಮ. ಮೂರನೇ ಗೇರಿನಲ್ಲಿ
ಕನ್ನಡಿ ನಡುಗುವ ಸದ್ದಿನ ಹತ್ತಿರ.

ಮನೆಗೆ ಬಂದಾಗ ಸೊನ್ನೆ ಸೊನ್ನೆ ಸೊನ್ನೆ ಎರಡು ಎಂಟು.
ಹೊಸ ರಟ್ಟು ಹಾಸಿದೆ.
ಬೆಳಿಗ್ಗೆ ಐದು ಹನಿ.
ಓರ್ಮಂಡನಿಗೆ ಫೋನು ಮಾಡಬೇಕು.