ನಲವತ್ತೆರಡು ಸೆಕೆಂಡು

ಬಾಗಲಕೋಟಿ ನವನಗರ, ಸೆಕ್ಟರ್ ಇಪ್ಪತ್ತೇಳು,
ನೇಕಾರರ ಪತ್ತಿನ ಸಂಘ.
ಬಟನ್ ಒತ್ತಿ ಚಾ ಕುಡದು ಬರಬಹುದು ನೋಡ ತಂಗಿ,
ಅಂದ್ರು ಗುಳೇದ ಬಾಯಿ.
ಕೌಂಟರಿನ ಆಚೆ ಏಳು ಮಂದಿ, ಏಳೂ ಮಂದಿಗೆ ಬಸ್ಸಿನ ಅವಸರ.

ಮೊದಲ ಬೈಗುಳ ರೂಢಿಯಂಗ ಪ್ರಿಂಟರಿಗೇ ಬಿದ್ದಿತ್ತು.
ಸಿಪಾಯಿ ದಸ್ತಗೀರ ಟೋನರ್ ತೆಗೆದು
ಜ್ವರ ಬಂದ ಕೂಸಿನಂಗ ಅಲುಗಾಡಿಸಿ ಮಲಗಿಸಿದ್ದ.
ನಾ ವೈರು ಬದಲಿಸಿದೆ. ಸ್ವಿಚ್ಚಿನ ಧೂಳು ಊದಿದೆ.
ಇಲಿ ಕಡದ ಜಾಗಾ ಹುಡುಕಿದೆ;
ಇಲಿಗೋಳು ಈ ಸಲ ನಿರಪರಾಧಿ.
ಪೆನ್‌ಡ್ರೈವ್ ನೇರ ಚುಚ್ಚಿದರ ಹಾಳಿ ಸರಸರ ಬರತಾವ.
ಅಂದರ ತಪ್ಪು ದಾರಿಯೊಳಗ ಐತಿ.

ಮೊಬೈಲಿನ ಗಡಿಯಾರ ಹಚ್ಚಿ ಕುಂತೆ.
ನಲವತ್ತೆರಡು.
ಮತ್ತ ನಲವತ್ತೆರಡು.
ಹತ್ತು ಪುಟದ ಲೆಕ್ಕಪತ್ರಕ್ಕೂ ಒಂದು ಸಾಲಿನ ರಸೀದಿಗೂ
ಅಷ್ಟೇ, ಗುಂಜಿಯಷ್ಟೂ ಹೆಚ್ಚುಕಮ್ಮಿ ಇಲ್ಲ.
ನಿಧಾನ ಹಿಂಗ ಇರೂದಿಲ್ಲ.
ನಿಧಾನಕ್ಕ ಏರು ಇಳುವು ಇರತಾವ, ಹೊಟ್ಟಿ ತುಂಬಿದ ಎತ್ತಿನಂಗ.
ಇದು ಯಾರದೋ ದಾರಿ ಕಾಯತೈತಿ.

ತಂತಿಯೊಳಗಿನ ಮಾತಿಗೆ ಕಿವಿ ಕೊಟ್ಟೆ.
ಪ್ರತಿ ಹಾಳಿಗೂ ಐದೂ ಕಂಪ್ಯೂಟರು
ಮೊದಲು ಐವತ್ತಮೂರನೇ ನಂಬರಿನ ಕದಾ ಬಡೀತಾವ:
ಅದೀಯೇನ? ಅದೀಯೇನ?
ಅಲ್ಲಿಂದ ಹೂಂ ಇಲ್ಲ, ಊಂಹೂಂ ಇಲ್ಲ.
ಬಡದು ಬಡದು ಬ್ಯಾಸತ್ತ ಮ್ಯಾಲ
ಮಗ್ಗಲಿನ ಟೇಬಲ್ಲಿಗೇ ತಿರುಗಿ, ನೀನರ ಛಾಪಿಸು, ಅಂತಾವ.

ಐವತ್ತಮೂರು ಯಾರದ್ರೀ?

ಬಾಯಿ ಪೆನ್ನಿಗೆ ಟೊಪ್ಪಿಗಿ ಹಾಕಿದರು.
ಅದು ಕಿಲ್ಲಾದಾಗಿನ ಆಫೀಸಿಂದು. ದೊಡ್ಡ ಕಂಪ್ಯೂಟರ್.
ನೀರು ಮೆಟ್ಟಲಾ ಮುಟ್ಟಿದ ವರ್ಷ
ಟಂಟಂದಾಗ ಗಾದಿ ಹಾಸಿ, ನಾನ ತೊಡಿ ಮ್ಯಾಲ ಹಿಡಕೊಂಡ ಬಂದೆ.
ಇಲ್ಲಿ ಬಂದು ಒಂದ ಸಲಾನೂ ಹತ್ತಲಿಲ್ಲ.

ಆಮ್ಯಾಲೆ ಮೂರು ಸಲ ಮಶಿನ್ ಬದಲಾಗ್ಯಾವ.
ಹಳೇದರ ಪಟ್ಟಿ ಹೊಸದಕ್ಕ ನಕಲಾಗಕೋತ ಬಂದೈತಿ,
ಯಾರೂ ಓದಿಲ್ಲ.

ಪಾಳಿಯೊಳಗ ನಿಂತ ರಾಚವ್ವ ನಕ್ಕಳು:
ನಮ್ಮ ಅತ್ತಿನೂ ಹಂಗ. ಆಟೋದಂವಗ ಇವತ್ತಿಗೂ
ಗಿರಣಿ ಹಿಂದ ಬಿಡಪಾ ಅಂತಾಳ.
ಗಿರಣಿ ಎಲ್ಲೈತಿ? ಗಿರಣಿ ಹಿಂದೂ ಹೊಳಿ, ಮುಂದೂ ಹೊಳಿ.
ದಸ್ತಗೀರ ನಗಲಿಲ್ಲ.

ಕೆಲಸ ಸಣ್ಣದು. ಒಂದು ಸಾಲು ಅಳಿಸೂದು.
ಖಾತ್ರಿಯೇನು, ಅಂತ ಮಶಿನ್ ಕೇಳತೈತಿ; ಹೌದು ಅನ್ನಬೇಕು.
ನಾಕು ಸಲ ಹೌದು ಅಂದೆ.
ರಸೀದಿ ಬಿಸಿ ಭಜಿಯಂಗ ಹೊರಬಿದ್ದು
ಪಾಳಿ ಕರಗಿತು, ಏಳು ಮಂದಿಗೂ ಬಸ್ಸು ಸಿಕ್ಕಿರಬೇಕು.

ಐದನೇದರ ಮುಂದ ಬಾಯಿ ಎದ್ದೇಳಲಿಲ್ಲ.
ಇದೊಂದು ಇರಲಿ ಬಿಡ ತಂಗಿ,
ಅಷ್ಟರಾಗ ನಾ ಚಾಳೀಸು ಒರಸಿಕೋತೀನಿ.

ನಿವೃತ್ತಿಗೆ ಎಷ್ಟು ದಿನ ಉಳದಾವ ಅಂತ ಕೇಳಬೇಕಂದೆ,
ಕೇಳಲಿಲ್ಲ.
ಬಿಲ್ಲಿನೊಳಗ ಬರದೆ: ಐದರೊಳಗ ನಾಕು ಸರಿ ಮಾಡಿದೆ.
ಬಿಲ್ಲು ಛಾಪಿಸಾಕ ಬಾಯಿ ತಮ್ಮ ಮಶಿನ್ನಿನೊಳಗ ಬಟನ್ ಒತ್ತಿದರು.
ಚೀಲಾ ಹೆಗಲಿಗೆ ಏರಿಸಿದ್ದೆ.
ಕೆಳಗ ಇಟ್ಟು ಕುಂತೆ.