ಮೂಲಸ್ಥಾನ

ಉಮದಿಯ ಕನ್ನಡ ಶಾಳೆ, ಏಳನೆಯ ಇಯತ್ತೆ.
ಮೇಜಿನ ಮೇಲೆ ಬೇರುಸಹಿತ ಕಿತ್ತ ಹವೀಜದ ಗಿಡ,
ಬೇರಿಗಿನ್ನೂ ಎರಿಮಣ್ಣು.

"ಸರ್, ಇವು ಎರಡು ಗಿಡ ಕೂಡ್ಯಾವ," ಅಂದಳು ಮಹಾನಂದಾ.
ತಪ್ಪೇನಲ್ಲ. ಬುಡದ ಎಲೆ ಅಗಲ, ಅಂಚಿಗೆ ಹಲ್ಲು,
ಸಂತೆಯಲ್ಲಿ ಸಿವುಡು ಕಟ್ಟಿ ಮಾರುವುದು ಇದನ್ನೇ.
ಮೇಲೇರಿದಂತೆ ಎಲೆ ತನ್ನನ್ನು ತಾನೇ ಹಿಂಜಿಕೊಂಡು
ನೂಲಾಗುತ್ತದೆ.
ಆಮೇಲೆ ಯಾರೂ ಕೇಳುವುದಿಲ್ಲ,
ಜೇನು ಬಿಟ್ಟು.

ಒಂದೇ ಗಂಟಿನಿಂದ ಹೊರಟ ಕಡ್ಡಿ,
ಕಡ್ಡಿಯ ತುದಿಗೆ ಮತ್ತೆ ಮರಿಕಡ್ಡಿ.
ಕೊಡೆಯ ಮೇಲೆ ಕೊಡೆ, ಬಟ್ಟೆಯೇ ಇಲ್ಲ.
ನಮ್ಮ ಜತ್ತ ತಾಲೂಕಿನ ಮಳೆಗೆ ಇಷ್ಟು ಸಾಕು ಎಂದೆ.
ಹಿಂದಿನ ಬೆಂಚು ನಕ್ಕಿತು.

ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು.
ನಡುವಿನ ಹೂಗಳಿಗೆ ಐದೂ ಎಸಳು ಸಮ.
ಅಂಚಿನವು ಮಾತ್ರ
ಹೊರಗಿನ ಎಸಳನ್ನು ಉದ್ದಕ್ಕೆ ಚಾಚಿವೆ.
"ಯಾಕ್ರೀ ಸರ್?"
"ದಂಡಿಗೆ ನಿಂತಾವಲ್ಲ, ದೂರಿಂದ ಕಾಣಬೇಕು."
ಅಂದವನು ನಾನೇ ಒಂದು ಗಳಿಗೆ ಸುಮ್ಮನಾದೆ.
ಕಿಟಕಿಯಾಚೆ ಮರಾಠಿ ಪಾಟಿಯ ಎಸ್‌.ಟಿ. ಬಸ್ಸು
ವಿಜಾಪುರದ ಕಡೆ ಧೂಳೆಬ್ಬಿಸಿ ಹೋಯಿತು.

ಹಸಿ ಕಾಯಿ ಹಿಚುಕಿದರೆ ತಗಣಿಯ ನಾತ.
ಅದೇ ಕಾಯಿ ಬಿಸಿಲಿಗೆ ಒಣಗಿದರೆ
ಅವ್ವನ ಮಸಾಲಿ ಡಬ್ಬಿ.
ತಗಣಿ ಎಲ್ಲಿ ಹೋಯಿತು?
ಪುಸ್ತಕದಲ್ಲಿದೆ. ನಾನು ಹೇಳಲಿಲ್ಲ.

ಕಾಳು ಅಂತೇವೆ, ಅದು ಹಣ್ಣು.
ಒಳಗೆ ಎದೆಗೆ ಎದೆ ಕೊಟ್ಟು ಎರಡು ಬೀಜ,
ನಡುವೆ ಒಂದಿಷ್ಟು ಟೊಳ್ಳು.
ಖಿಚಡಿ ಮಾಡುವ ರಕಮವ್ವನಿಗೆ
ಇದನ್ನು ಯಾರೂ ಕಲಿಸಿಲ್ಲ.
ಹಿಂಗಾರಿಯ ಮುಂಜಾನೆ ಅಂಗಳಕ್ಕೆ ಸುರುವಿ
ಚಪ್ಪಲಿಯಿಂದ ತಿಕ್ಕುತ್ತಾಳೆ:
ಒಡೆಯಬೇಕು, ಪುಡಿಯಾಗಬಾರದು.
ಆ ಲೆಕ್ಕ ಕಾಲಿಗೆ ಗೊತ್ತು.

ನಕಾಶೆಯ ಮೇಲೆ ಬೆರಳಿಟ್ಟೆ:
ಭೂಮಧ್ಯ ಸಮುದ್ರದ ಸುತ್ತು, ಆಮೇಲೆ ಪಶ್ಚಿಮ ಏಷ್ಯಾ.
ಯಾರ ಸೆರಗಿನ ಗಂಟಿನಲ್ಲೋ
ಯಾವ ಒಂಟೆಯ ಚೀಲದ ತೂತಿನಿಂದಲೋ
ಉದುರುತ್ತ, ಹುಟ್ಟುತ್ತ,
ಊರಿಗೊಂದು ಹೆಸರು ಇಸಿದುಕೊಳ್ಳುತ್ತ ಬಂತು.
ಪೇಟೆಯಲ್ಲಿ ಧನೆ, ಪಾಠದಲ್ಲಿ ಕೊತ್ತಂಬರಿ,
ಒಲೆಯ ಮುಂದೆ ಹವೀಜ.

ಗಿಡವನ್ನು ಪೇಪರಿನ ನಡುವೆ ಒತ್ತಿಟ್ಟೆವು.
ಕೆಳಗೆ ಮರಾಠಿ, ಮೇಲೆ ಕನ್ನಡ,
ತೂಕಕ್ಕೆ ಹಳೆಯ ಹಾಜರಿ ಪುಸ್ತಕ.
ಎಂಟು ದಿನಕ್ಕೆ ತೆಗೆದರೆ
ಎರಡೂ ಸುದ್ದಿಯ ಮೇಲೆ ಹಸಿರು ಕಲೆ.

ಚೀಟಿಯಲ್ಲಿ ಮಹಾನಂದಾ ಬರೆದಿದ್ದಳು:
ಮೂಲಸ್ಥಾನ: ರಕಮವ್ವನ ಹೊಲದ ಬದು, ಬವಿಯ ಬಾಜು.

ಕೆಂಪು ಪೆನ್ನು ತೆಗೆದೆ.
'ಬವಿ'ಗೆ ದೀರ್ಘ ಕೊಟ್ಟೆ.